ತಾಳೆಯಾಗದ ಲೆಕ್ಕ

ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುತ್ತಿರುವವನು ನಾನು. ಸಂಜೆ ಕ್ಯಾಶ್ ತಾಳೆಯಾಗದೆ ನಮಗೆ ಮನೆಗೆ ಹೋಗುವ ಹಾಗಿಲ್ಲ. ಹತ್ತು ರೂಪಾಯಿ ಕಡಿಮೆ ಬಂದರೆ ಕಿಸೆಯಿಂದ ಹಾಕಬೇಕು. ಹತ್ತು ರೂಪಾಯಿ ಹೆಚ್ಚು ಬಂದರೆ ಅದು ಯಾರದ್ದೆಂದು ತಲೆ ಕೆರೆದುಕೊಳ್ಳಬೇಕು. ಇಂಥ ನಾನು ಒಂದೇ ಒಂದು ಸಲ, ಗೊತ್ತಿದ್ದೂ ಗೊತ್ತಿದ್ದೂ, ತಪ್ಪು ಲೆಕ್ಕ ಒಪ್ಪಿಸಿದ್ದೇನೆ. ಅದೂ ನನ್ನ ಹೆತ್ತ ಅಮ್ಮನಿಗೆ. ಆ ಕತೆಯನ್ನು ಹೇಳಬೇಕಾದರೆ ನನ್ನ ಎಡಗಾಲಿನಿಂದ ಸುರು ಮಾಡಬೇಕು.

2018ರ ಜುಲೈ ತಿಂಗಳು. ಆ ವರ್ಷದ ಮಳೆಯನ್ನು ಕೇರಳದಲ್ಲಿದ್ದವರು ಯಾರೂ ಮರೆಯಲಾರರು. ಬ್ಯಾಂಕಿಗೆ ಹೊರಟಿದ್ದ ನಾನು ಬದಿಯಡ್ಕದ ದಾರಿಯ ಒಂದು ತಿರುವಿನಲ್ಲಿ, ಬರೆಯಿಂದ ಜಾರಿಬಂದ ಕೆಸರಿನ ಮೇಲೆ ಸ್ಕೂಟರ್ ಸಮೇತ ಬಿದ್ದೆ. ಬಿದ್ದದ್ದು ದೊಡ್ಡ ವಿಷಯವಲ್ಲ, ಸ್ಕೂಟರು ಕಾಲಿನ ಮೇಲೆ ಬಿದ್ದದ್ದು ವಿಷಯ. ಎದ್ದು ನಿಲ್ಲಲು ನೋಡಿದಾಗ ಪಾದ ನನ್ನ ಮಾತು ಕೇಳಲಿಲ್ಲ. ಅದು ಬೇರೆಯೇ ದಿಕ್ಕಿಗೆ ಮುಖ ಮಾಡಿ ಕುಳಿತಿತ್ತು. ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಿದ್ದ ಇಬ್ಬರು ನನ್ನನ್ನು ಎತ್ತಿ ರಿಕ್ಷಾಕ್ಕೆ ಹಾಕಿದರು. ಮಧ್ಯಾಹ್ನಕ್ಕೆ ನಾನು ಮಂಗಳೂರಿನಲ್ಲಿದ್ದೆ.

ಮಂಗಳೂರು ಯಾಕೆ ಎಂದು ನಮ್ಮವರು ಯಾರೂ ಕೇಳುವುದಿಲ್ಲ. ಕಾಸರಗೋಡಿನಿಂದ ಐವತ್ತು ಕಿಲೋಮೀಟರು. ಹೆರಿಗೆಗೂ ಮಂಗಳೂರು, ಹೃದಯಕ್ಕೂ ಮಂಗಳೂರು, ಮುರಿದ ಕಾಲಿಗೂ ಮಂಗಳೂರು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದ ಸುದ್ದಿ ನಮಗೆ ತಿಳಿದಿದೆ, ನಮ್ಮ ಎಲುಬುಗಳಿಗೆ ಮಾತ್ರ ಇನ್ನೂ ತಿಳಿದಿಲ್ಲ. ಹೀಗೆ ಕೇರಳದಲ್ಲಿ ಮುರಿದ ನನ್ನ ಕಾಲು ಕರ್ನಾಟಕದಲ್ಲಿ ಕೂಡಿತು. ಪಾದದ ಗಂಟಿನ ಹೊರಬದಿಯ ಸಣ್ಣ ಎಲುಬಿಗೆ ಆರು ತೂತಿನ ಒಂದು ಪ್ಲೇಟು, ಅದಕ್ಕೆ ಆರು ಸ್ಕ್ರೂ. ಒಳಬದಿಯ ಗಂಟಿಗೆ ಎರಡು ಉದ್ದದ ಸ್ಕ್ರೂ. ಒಟ್ಟು ಒಂದು ಪ್ಲೇಟು, ಎಂಟು ಸ್ಕ್ರೂ. ಡಿಸ್ಚಾರ್ಜ್ ಕಾಗದದಲ್ಲಿ ಇದನ್ನೆಲ್ಲ ಬರೆದು ಕೊಟ್ಟಿದ್ದರು. ನಾನು ಅದನ್ನು ಫಿಕ್ಸೆಡ್ ಡಿಪಾಸಿಟಿನ ರಶೀದಿಯಂತೆ ಗೋದ್ರೇಜ್ ಕಪಾಟಿನಲ್ಲಿ ಇಟ್ಟೆ.

ಮೂರು ತಿಂಗಳಲ್ಲಿ ಎಲುಬು ಕೂಡಿತು. ನವೆಂಬರಿನಲ್ಲಿ ಕೆಲಸಕ್ಕೆ ಹೋದೆ. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ಏನೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ನೆಲದಲ್ಲಿ ಕುಳಿತಾಗ. ಚಕ್ಕಳಮಕ್ಕಳ ಹಾಕಿದರೆ ಪಾದದ ಹೊರಗಂಟೇ ನೆಲಕ್ಕೆ ತಾಗುವುದು. ಅಲ್ಲಿ ಚರ್ಮದ ಅಡಿಯಲ್ಲಿ ಮಾಂಸವೆಂಬುದೇ ಇಲ್ಲ. ಕೈಯಾಡಿಸಿದರೆ ಸ್ಕ್ರೂವಿನ ತಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಉಕ್ಕು ಮತ್ತು ಸಿಮೆಂಟು ನೆಲದ ನಡುವೆ ಸಿಕ್ಕಿಬಿದ್ದ ಚರ್ಮ ಹತ್ತು ನಿಮಿಷಕ್ಕೇ ಬೊಬ್ಬೆ ಹಾಕುತ್ತಿತ್ತು. ಮದುವೆ ಊಟಕ್ಕೆ ಎಲೆಯ ಮುಂದೆ ಕುಳಿತರೆ ಪಾಯಸ ಬರುವುದರೊಳಗೆ ಕಣ್ಣಲ್ಲಿ ನೀರು. ಬಡಿಸುವವರು ಸಾರು ಖಾರವಾಯಿತೇ ಎಂದು ಕೇಳುತ್ತಿದ್ದರು.

ಊಟವನ್ನು ಮೇಜಿನ ಮೇಲೆ ಮಾಡಬಹುದು. ನನಗೆ ಕಷ್ಟವಾದದ್ದು ತಾಳಮದ್ದಳೆ. ನಮ್ಮ ಭಜನಾ ಮಂದಿರದಲ್ಲಿ ತಿಂಗಳಿಗೊಮ್ಮೆ ಕೂಟವಿದೆ. ನಾನೇನೂ ದೊಡ್ಡ ಅರ್ಥಧಾರಿಯಲ್ಲ. ವಿದುರ, ಅಕ್ರೂರ, ಸಂಜಯ, ಹೀಗೆ ಹೆಚ್ಚು ಗಲಾಟೆ ಮಾಡದ ಪಾತ್ರಗಳು ನನ್ನ ಪಾಲಿಗೆ. ಆದರೆ ಹಗಲಿಡೀ ಮಲಯಾಳದಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ಬರೆದು, ಮನೆಯಲ್ಲಿ ತುಳು ಆಡುವ ನನಗೆ ನಾಲ್ಕು ಗಂಟೆ ಹೊತ್ತು ಬಾಯ್ತುಂಬ ಕನ್ನಡ ಮಾತಾಡಲು ಇರುವ ಜಾಗ ಅದೊಂದೇ. ಚಾಪೆಯ ಮೇಲೆ ಕುಳಿತು ಶ್ರೀಕೃಷ್ಣನನ್ನು ಎದುರ್ಗೊಳ್ಳುವ ವಿದುರನು ಕಾಲು ಚಾಚಿದರೆ ಹೇಗಿರುತ್ತದೆ? ಭಾಗವತರು ಕುರ್ಚಿ ತರಿಸಿ ಕೊಟ್ಟರು. ಎಲ್ಲರೂ ಕೆಳಗೆ, ದಾಸಿಯ ಮಗ ವಿದುರ ಮಾತ್ರ ಎತ್ತರದಲ್ಲಿ! ಗೆಳೆಯರೊಬ್ಬರು, "ಇನ್ನು ನಿಮಗೆ ಗದಾಪರ್ವದ ಕೌರವನೇ ಸರಿ, ಕಾಲು ಮುರಿದ ಮೇಲೂ ಅವನಿಗೆ ಮಾತಾಡಲಿಕ್ಕೆ ಬೇಕಾದಷ್ಟಿದೆ" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಎರಡು ಕೂಟಗಳ ಬಳಿಕ ಹೋಗುವುದನ್ನೇ ಬಿಟ್ಟೆ.

ಮಂಗಳೂರಿನ ಡಾಕ್ಟರರಲ್ಲಿ ಕೇಳಿದೆ. ಅವರು ಸಮಾಧಾನದಿಂದ ವಿವರಿಸಿದರು. ಹಾಕಿದ್ದನ್ನು ತೆಗೆಯಲೇಬೇಕೆಂಬ ನಿಯಮವಿಲ್ಲ. ಅದು ಬರಿಯ ಕಬ್ಬಿಣವಲ್ಲ. ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಬೆರೆಸಿದ, ತುಕ್ಕು ಹಿಡಿಯದ ಉಕ್ಕು. ತೊಂದರೆ ಕೊಡದಿದ್ದರೆ ಸಾಯುವ ತನಕ ಒಳಗೇ ಇರಬಹುದು. ಸ್ಕ್ರೂ ಸಡಿಲವಾದರೆ, ಕೀವಾದರೆ, ಅಥವಾ ನನ್ನ ಹಾಗೆ ಒತ್ತಿ ನೋಯುತ್ತಿದ್ದರೆ ತೆಗೆಯುವುದು. ತೆಗೆಯುವುದೂ ಒಂದು ಆಪರೇಷನ್ನೇ. ಮತ್ತೆ ಚರ್ಮ ಕೊಯ್ಯಬೇಕು, ಹತ್ತಿರದ ನರಕ್ಕೆ ಪೆಟ್ಟಾಗಬಹುದು, ಸ್ಕ್ರೂ ತೆಗೆದ ತೂತುಗಳು ತುಂಬುವ ತನಕ ಎಲುಬು ಆ ಜಾಗದಲ್ಲಿ ದುರ್ಬಲ, ಬಿದ್ದರೆ ಮತ್ತೆ ಮುರಿಯಬಹುದು. ನೋವು ಪೂರ್ತಿ ಹೋಗುತ್ತದೆಂಬ ಖಾತ್ರಿಯೂ ಇಲ್ಲ. "ಯೋಚನೆ ಮಾಡಿ ಹೇಳಿ" ಎಂದರು.

ನನಗೆ ಯೋಚಿಸುವ ಕೆಲಸ ಉಳಿಯಲಿಲ್ಲ. ಮನೆಗೆ ಬಂದು ಹೇಳಿದ ಕೂಡಲೇ ಅಮ್ಮ ತೀರ್ಪು ಕೊಟ್ಟಾಗಿತ್ತು: "ತೆಗೆಸು. ಒಂದು ಚೂರೂ ಒಳಗಿರುವುದು ಬೇಡ. ನಿನ್ನಪ್ಪನದ್ದು ನೋಡಿದ್ದೇ ಸಾಕು."

ಅಪ್ಪನ ಕತೆಯನ್ನು ಇಲ್ಲಿ ಹೇಳಬೇಕು. 2009ರಲ್ಲಿ ಅಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ತೊಡೆಯೆಲುಬಿನ ತಲೆಯನ್ನು ತೆಗೆದು ಉಕ್ಕಿನದ್ದು ಇಟ್ಟರು. ಅದರ ಮೇಲೆ ಐದು ವರ್ಷ ದೊಣ್ಣೆಯೂರಿ ತೋಟ ಸುತ್ತಿದರು, ಅಡಿಕೆ ಹೆಕ್ಕಿದರು, ಹೇಗಿದೆ ಎಂದು ಕೇಳಿದವರಿಗೆಲ್ಲ ಏನೂ ನೋವಿಲ್ಲ ಎಂದರು. 2014ರಲ್ಲಿ ತೀರಿಕೊಂಡಾಗ ನಮ್ಮ ಹಿತ್ತಿಲಲ್ಲೇ ಮಾವಿನ ಸೌದೆಯಲ್ಲಿ ಸುಟ್ಟೆವು. ಬೂದಿ ತೆಗೆಯುವ ದಿನ ಅಣ್ಣನೂ ನಾನೂ ಎಲುಬು ಆಯುತ್ತಿರುವಾಗ ಅದು ಸಿಕ್ಕಿತು. ಲಿಂಬೆಹಣ್ಣಿಗಿಂತ ತುಸು ದೊಡ್ಡ ಗುಂಡು, ಅದರಿಂದ ಹೊರಟ ಬಾಗಿದ ಕತ್ತಿಯಂಥ ಬಾಲ, ಬಾಲದಲ್ಲಿ ಎರಡು ಕಿಂಡಿ. ಅಪ್ಪನ ದೇಹದಲ್ಲಿ ಬೆಂಕಿಗೆ ಜಗ್ಗದೆ ಉಳಿದದ್ದು ಅದೊಂದೇ.

ಅದನ್ನೇನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಹಿರಿಯರ ಕಟ್ಟಳೆಗಳಲ್ಲಿ ಇದಕ್ಕೊಂದು ದಾರಿ ಹೇಳಿಲ್ಲ. ಎಲುಬಿನೊಂದಿಗೆ ನೀರಿಗೆ ಬಿಡಬೇಕೆಂದು ಒಬ್ಬರು, ಅದು ದೇಹದ್ದಲ್ಲ, ಬಿಡಬಾರದು ಎಂದು ಇನ್ನೊಬ್ಬರು. ಗುಜರಿಯವನಿಗೆ ಕೊಡಲು ಯಾರಿಗೂ ಮನಸ್ಸು ಬರಲಿಲ್ಲ. ಕಡೆಗೆ ಅಮ್ಮ ಅದನ್ನು ತೊಳೆದು, ಅಪ್ಪನ ಹಳೆಯ ಬೈರಾಸಿನಲ್ಲಿ ಸುತ್ತಿ ಅಟ್ಟದಲ್ಲಿಟ್ಟಳು. ತೊಳೆಯುವಾಗ ಅದನ್ನು ಕೈಯಲ್ಲಿ ಎತ್ತಿ ತೂಕ ನೋಡಿದವಳು, "ಇಷ್ಟು ಭಾರ ಹೊತ್ತು ನಡೆಯುತ್ತಿದ್ದರಲ್ಲಾ" ಎಂದಳು. ಅವಳು ಅತ್ತದ್ದನ್ನು ಆ ಮೂರು ದಿನಗಳಲ್ಲಿ ನಾನು ಕಂಡದ್ದು ಆವಾಗಲೇ.

ಹಾಗಾಗಿ ನನ್ನ ಆಪರೇಷನ್ನಿಗೆ ದಿನ ನಿಗದಿಯಾಯಿತು. 2020ರ ಮಾರ್ಚ್ 30. ಬ್ಯಾಂಕಿನವನು ಮಾರ್ಚ್ ಕೊನೆಗೆ ರಜೆ ಕೇಳಿದರೆ ಮ್ಯಾನೇಜರು ಯಾವ ಮುಖ ಮಾಡುತ್ತಾರೆಂದು ಬಲ್ಲವರೇ ಬಲ್ಲರು. ಹೇಗೋ ಒಪ್ಪಿಸಿದ್ದೆ. ಆದರೆ 25ರಿಂದ ದೇಶವೇ ಬಾಗಿಲು ಹಾಕಿತು. ಅದರ ಬೆನ್ನಿಗೆ ತಲಪಾಡಿ ಮುಚ್ಚಿತು. ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದು ಅಡ್ಡ ಹಾಕಿದರು. ಆಂಬುಲೆನ್ಸುಗಳು ಹಿಂದಿರುಗಿದವು. ದಾರಿ ಸಿಗದೆ ಸತ್ತವರ ಸುದ್ದಿ ಪತ್ರಿಕೆಯಲ್ಲಿ ದಿನವೂ ಬರತೊಡಗಿತು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಏಪ್ರಿಲಿನಲ್ಲಿ, ತುರ್ತಿನ ರೋಗಿಗಳಿಗೆ ಮಾತ್ರ, ಕಾಗದಪತ್ರ ನೋಡಿ ದಾರಿ ಬಿಡುವ ಏರ್ಪಾಡಾಯಿತು.

ನಮ್ಮ ಬೈಲಿನಲ್ಲೇ ಒಬ್ಬರು ವಾರಕ್ಕೆರಡು ಸಲ ಡಯಾಲಿಸಿಸಿಗೆ ಮಂಗಳೂರಿಗೆ ಹೋಗುತ್ತಿದ್ದರು. ನನ್ನ ಅಂಗಳದಿಂದ ಅವರ ಮನೆಯ ದೀಪ ಕಾಣುತ್ತದೆ. ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಗೂ ಅದು ಉರಿಯುತ್ತಿತ್ತು. ಅವರ ಮಗ ಕಣ್ಣೂರಿನವರೆಗೆ ಹೋಗಿ ಹೇಗೋ ವ್ಯವಸ್ಥೆ ಮಾಡಿಕೊಂಡ, ಅವರು ಉಳಿದರು. ನನ್ನ ಪ್ಲೇಟಿನ ವಿಷಯವನ್ನು ನಾನು ಬಾಯಿ ಬಿಟ್ಟು ಆಡಲಿಲ್ಲ. ನೆಲದಲ್ಲಿ ಕೂರಲಾಗದ್ದು ಒಂದು ಕಷ್ಟವೇ? ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಜಗಲಿಯಲ್ಲಿ ಕುಳಿತಿದ್ದ ಅಮ್ಮ ಕೇಳಿದ್ದಳು: "ಮಂಗಳೂರಿನವರು ನಮ್ಮವರೇ ಅಲ್ಲವಾ ಮಗಾ?" ಕನ್ನಡ ಸಂಘದ ಎಷ್ಟೋ ಸಭೆಗಳಲ್ಲಿ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ನನಗೆ ಉತ್ತರ ಹೊಳೆಯಲಿಲ್ಲ. ಇತ್ತ, 2013ರಲ್ಲಿ ಅಡಿಗಲ್ಲು ಹಾಕಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ಅದೇ ಏಪ್ರಿಲಿನಲ್ಲಿ ಕೊರೋನಾ ಆಸ್ಪತ್ರೆಯಾಗಿ ತೆರೆದರು. ಹತ್ತಿರದ ಆಸ್ಪತ್ರೆ ಎಂದರೆ ಏನೆಂಬುದು ಆ ವರ್ಷ ನಮಗೆಲ್ಲ ಅರ್ಥವಾಯಿತು.

ಮುಂದಿನ ವರ್ಷವೂ ಗಡಿಯಲ್ಲಿ ಆರ್‌ಟಿಪಿಸಿಆರ್ ಚೀಟಿಯ ರಗಳೆ. ಕಡೆಗೆ 2022ರ ನವೆಂಬರಿನಲ್ಲಿ, ಕಾಸರಗೋಡಿನಲ್ಲೇ ಒಂದು ಆಸ್ಪತ್ರೆಯಲ್ಲಿ ತೆಗೆಸಿಕೊಳ್ಳುವುದೆಂದು ತೀರ್ಮಾನಿಸಿದೆ. ಡಾಕ್ಟರು ತೆಂಕಣ ಜಿಲ್ಲೆಯವರು, ನನಗಿಂತ ಕಿರಿಯರು. ಅವರು ನನ್ನನ್ನು ಸಾರ್ ಎನ್ನುವುದು, ನಾನು ಅವರನ್ನು ಸಾರ್ ಎನ್ನುವುದು. ಅವರು ಮೊದಲು ಕೇಳಿದ್ದೇ ಹಳೆಯ ಡಿಸ್ಚಾರ್ಜ್ ಕಾಗದ. ಹಾಕಿದ್ದು ಯಾವ ಜಾತಿಯ ಸ್ಕ್ರೂ ಎಂದು ತಿಳಿಯದಿದ್ದರೆ ತೆಗೆಯುವ ದಿನ ಸರಿಯಾದ ಸ್ಕ್ರೂಡ್ರೈವರ್ ಇರುವುದಿಲ್ಲವಂತೆ. ಒಳಗೆ ಕೊಯ್ದ ಮೇಲೆ ಅಂಗಡಿಗೆ ಓಡಲಾಗುತ್ತದೆಯೇ? ಕಪಾಟಿನಿಂದ ನಾನು ತಂದ ಕಾಗದ ಕಂಡು ಅವರು, "ಬ್ಯಾಂಕಿನವರು ಹೀಗೇ ಇರಬೇಕು" ಎಂದು ಮಲಯಾಳದಲ್ಲಿ ಹೊಗಳಿದರು. ಕಾಲು ಮುರಿದಂದಿನಿಂದ ನನಗೆ ಸಿಕ್ಕಿದ ಮೊದಲ ಶಹಬಾಸ್‌ಗಿರಿ ಅದು.

ಆಪರೇಷನ್ನಿನ ಬೆಳಗ್ಗೆ ನರ್ಸಮ್ಮ ಒಂದು ಕಾಗದ ತಂದು, "ವಾಯಿಚ್ಚು ನೋಕ್ಕಿಯಿಟ್ಟ್ ಒಪ್ಪಿಡಣಂ" ಎಂದಳು. ಓದಿ ನೋಡಿ ಸಹಿ ಹಾಕಬೇಕು ಎಂದರ್ಥ. ಮಲಯಾಳದಲ್ಲಿ ಒಪ್ಪ್ ಎಂದರೆ ಸಹಿ; ನಮ್ಮಲ್ಲಿ ಒಪ್ಪುವುದೆಂದರೆ ಸಮ್ಮತಿಸುವುದು. ದಿನಕ್ಕೆ ನೂರು ಜನರಿಂದ ಒಪ್ಪು ಹಾಕಿಸುವ ನಾನು ಆ ಶಬ್ದದ ಈ ಎರಡು ಮುಖಗಳನ್ನು ಆ ತನಕ ಗಮನಿಸಿರಲಿಲ್ಲ. ಕಾಗದದಲ್ಲಿ ಎಲುಬಿಗೆ ಎಲ್ಲ್ ಎಂದಿತ್ತು. ಅಮ್ಮನ ತುಳುವಿನಲ್ಲಿ ಅದು ಎಲು. ಮೂರು ಭಾಷೆಗಳಲ್ಲೂ ಮುರಿಯುವುದು ಅದೇ ವಸ್ತು. ನಾನು ಕನ್ನಡದಲ್ಲಿ ಸಹಿ ಹಾಕಿದೆ. ಆಕೆ ಅದನ್ನೊಮ್ಮೆ ನೋಡಿ, "ಎಷ್ಟು ಚಂದ ಉರುಂಟು ಅಕ್ಷರ" ಎಂದು ನಕ್ಕಳು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಕಾಣುವುದು ಏನೂ ಇಲ್ಲ, ಕೇಳುವುದು ಎಲ್ಲ. ಸ್ವಲ್ಪ ಹೊತ್ತಿನಲ್ಲಿ ತಟ್ಟೆಗೆ ಏನೋ ಬಿದ್ದ ಸದ್ದು: ಟಿಣ್. ನನಗೆ ಅರ್ಥವಾಯಿತು. ಒಂದು. ಮತ್ತೆ ಟಿಣ್, ಎರಡು. ಅಭ್ಯಾಸಬಲ ನೋಡಿ, ಆಪರೇಷನ್ ಮೇಜಿನ ಮೇಲೆ ಮಲಗಿಯೂ ಎಣಿಸುತ್ತಿದ್ದೇನೆ. ಆರು ಟಿಣ್ ಆದ ಮೇಲೆ ಒಂದು ಟಣ್, ಅದು ಪ್ಲೇಟು. ಕಾಲನ್ನು ತಿರುಗಿಸಿ ಒಳಬದಿ ಕೊಯ್ದರು. ಟಿಣ್, ಏಳು. ಆಮೇಲೆ ಸದ್ದಿಲ್ಲ. ಏಸಿಯ ಗುಂಯ್‌ಗುಟ್ಟುವಿಕೆ ಮಾತ್ರ. "ಕಿಟ್ಟಿಯೋ?" ಎಂದು ಯಾರೋ ಕೇಳಿದರು. "ಇಲ್ಲ" ಎಂದರು ಡಾಕ್ಟರು. ಬೇರೆ ಯಾವುದೋ ಉಪಕರಣ ಕೇಳಿದರು. ನೋವಿಲ್ಲ, ಆದರೆ ಇಡೀ ದೇಹ ಜಗ್ಗುವಂತೆ ಕಾಲನ್ನು ಹಿಡಿದು ತಿರುವುತ್ತಿರುವುದು ತಿಳಿಯುತ್ತಿತ್ತು. "ಸಾರೇ, ವೇದನ ಉಂಡೋ?" ಎಂದು ಪರದೆಯಾಚೆಯಿಂದ ಕೇಳಿದರು. ಇಲ್ಲವೆಂದೆ. ಬಹಳ ಹೊತ್ತಿನ ಮೇಲೆ ಟಿಣ್. ಎಂಟು! ಕ್ಯಾಶ್ ತಾಳೆಯಾಯಿತು ಎಂದು ಕಣ್ಣು ಮುಚ್ಚಿದೆ.

ತಾಳೆಯಾಗಿರಲಿಲ್ಲ. ಸಂಜೆ ಡಾಕ್ಟರು ಬಂದು ಸ್ಟೂಲಿನ ಮೇಲೆ ಕುಳಿತು ಎಕ್ಸ್‌ರೇ ಎತ್ತಿ ತೋರಿಸಿದರು. ಒಳಗಂಟಿನ ಎರಡು ಸ್ಕ್ರೂಗಳಿಗೆ ತುದಿಯಲ್ಲಿ ಮಾತ್ರ ಸುತ್ತು ಇರುವುದು, ಉಳಿದ ಭಾಗ ನುಣುಪು. ನಾಲ್ಕು ವರ್ಷಗಳಲ್ಲಿ ಆ ಸುತ್ತುಗಳ ನಡುವೆ ಎಲುಬು ಬೆಳೆದು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ತಿರುಗಿಸುವಾಗ ಒಂದರ ತುದಿ ಕಡಿದು ಒಳಗೇ ಉಳಿಯಿತು. ಅದನ್ನು ತೆಗೆಯಬೇಕಾದರೆ ಸುತ್ತಲಿನ ಒಳ್ಳೆಯ ಎಲುಬನ್ನೇ ಕೊರೆಯಬೇಕು. ಒಂದು ಚೂರಿಗಾಗಿ ಕೂಡಿದ ಗಂಟನ್ನು ಮತ್ತೆ ಮುರಿಯುವುದು ಬುದ್ಧಿಯಲ್ಲವೆಂದು ಬಿಟ್ಟೆ ಎಂದರು. ಅದರಿಂದ ಏನೂ ತೊಂದರೆಯಾಗಲಾರದು. ಮರೆಮಾಚದೆ ಹೇಳಿದ್ದಕ್ಕೆ ನಾನು ಅವರಿಗೆ ಕೈಮುಗಿದೆ. ಬ್ಯಾಂಕಿನಲ್ಲಿ ನಮಗೆ ಸಸ್ಪೆನ್ಸ್ ಖಾತೆ ಎಂದೊಂದಿದೆ. ಯಾವ ತಲೆಗೆ ಬರೆಯಬೇಕೆಂದು ತಿಳಿಯದ ಹಣವನ್ನು ಅದರಲ್ಲಿ ಹಾಕಿಡುತ್ತೇವೆ. ಅರ್ಧ ಇಂಚಿನ ಆ ಉಕ್ಕನ್ನೂ ಅದಕ್ಕೆ ಬರೆದುಬಿಟ್ಟೆ.

ಎರಡು ವಾರ ಊರುಗೋಲು. ಆರು ವಾರ ಸ್ಕೂಟರಿಲ್ಲ, ಓಡುವಂತಿಲ್ಲ, ತೋಟದ ಮೆಟ್ಟಿಲು ಇಳಿಯುವಂತಿಲ್ಲ. ಮನೆಗೆ ಬರುವಾಗ ತೆಗೆದದ್ದನ್ನೆಲ್ಲ ತೊಳೆದು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೊಟ್ಟಿದ್ದರು. ಅಮ್ಮ ಚಾವಡಿಯಲ್ಲಿ ಕಾಯುತ್ತಿದ್ದಳು. ನಾನು ಕುಳಿತುಕೊಳ್ಳುವ ಮೊದಲೇ ಕೇಳಿದಳು: "ಪೂರಾ ಬತ್ತ್ಂಡಾ ಮಗಾ?" ಪೂರ್ತಿ ಬಂತೇ ಎಂದು.

ಎಪ್ಪತ್ತೊಂಬತ್ತು ವರ್ಷದ ಮುಖ. ಆ ಮುಖ ನೋಡಿ ಹೇಳಿದೆ: "ಬಂತಮ್ಮ. ಪೂರಾ."

ಅವಳು ತೊಟ್ಟೆಯನ್ನು ಸೆರಗಿನ ಮೇಲೆ ಸುರಿದು ಎಣಿಸಿದಳು. ಒಂದು ಪಟ್ಟಿ. ಗಿಡ್ಡ ಸ್ಕ್ರೂ ಆರು. ಉದ್ದದ್ದು ಎರಡು. ಉದ್ದದ ಎರಡನ್ನೂ ಬೆರಳುಗಳ ನಡುವೆ ಜೋಡಿಸಿ ಹಿಡಿದು ಕಿಟಿಕಿಯ ಬೆಳಕಿಗೆ ನೋಡಿದಳು. "ಇದಕ್ಕೆ ಹಲ್ಲಿದೆ. ಇದಕ್ಕೆ ಇಲ್ಲ" ಎಂದಳು. "ಅದು ಹಾಗೆಯೇ ಬರುವುದಮ್ಮ, ಬೇರೆ ಜಾತಿಯದ್ದು" ಎಂದೆ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅಮ್ಮ ಮತ್ತೇನೂ ಕೇಳಲಿಲ್ಲ. ಎಲ್ಲವನ್ನೂ ತೊಟ್ಟೆಗೆ ತುಂಬಿ ಗಂಟು ಹಾಕಿ, ಮೊಮ್ಮಗನ ಕೈಯಲ್ಲಿ ಅಟ್ಟಕ್ಕೆ ಹತ್ತಿಸಿ, ಅಜ್ಜನ ಬೈರಾಸಿನ ಪಕ್ಕದಲ್ಲಿ ಇಡಿಸಿದಳು.

ಫೆಬ್ರವರಿಯ ಕೂಟಕ್ಕೆ ಹೋದೆ. ಚಾಪೆಯ ಮೇಲೆ ಕುಳಿತೆ. ಮೊದಲ ಹತ್ತು ನಿಮಿಷ ವಿದುರನ ಮನಸ್ಸೆಲ್ಲ ಎಡಗಾಲಿನ ಮೇಲೆಯೇ ಇತ್ತು. ಆಮೇಲೆ ಅದನ್ನು ಮರೆತದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಎರಡು ಗಂಟೆ ಕುಳಿತು ಎದ್ದಾಗ ಕಾಲು ಮರಗಟ್ಟಿತ್ತು, ಅಷ್ಟೆ. ಅದು ಎಲ್ಲರಿಗೂ ಮರಗಟ್ಟುತ್ತದೆ.

ಆ ವರ್ಷದ ಆಟಿಯಲ್ಲಿ ಒಂದು ಸಂಜೆ ಧಾರಾಕಾರ ಮಳೆ. ಕರೆಂಟಿಲ್ಲ. ಜಗಲಿಯಲ್ಲಿ ಅಮ್ಮನೂ ನಾನೂ ಮಳೆ ನೋಡುತ್ತ ಕುಳಿತಿದ್ದೆವು. ಅವಳು ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ ಕೇಳಿದಳು: "ಒಳಗೆ ಉಳಿದ ಹಲ್ಲು ಮಳೆಗೆ ಸೆಳೆಯುತ್ತದಾ?"

ನನಗೆ ಒಮ್ಮೆಗೇ ಮಾತು ಹೊರಡಲಿಲ್ಲ. "ಇಲ್ಲಮ್ಮ, ಏನೂ ನೋವಿಲ್ಲ" ಎಂದೆ.

"ನಿನ್ನಪ್ಪನೂ ಐದು ವರ್ಷ ಹಾಗೆಯೇ ಹೇಳಿದರು" ಎಂದಳು ಅಮ್ಮ. "ರಾತ್ರಿ ಮಗ್ಗುಲು ಮಗುಚಲಾಗದೆ ನರಳುವುದು ನನಗೆ ಕೇಳುತ್ತಿತ್ತು. ನಾನೂ ಕೇಳದವಳ ಹಾಗೆ ಮಲಗಿರುತ್ತಿದ್ದೆ. ಕೇಳಿದ್ದರೆ ಒಂದು ದಿನವಾದರೂ ಎಣ್ಣೆ ಹಚ್ಚಬಹುದಿತ್ತು."

ಮಳೆ ಸುರಿಯುತ್ತಲೇ ಇತ್ತು. ಸುಳ್ಳು ಲೆಕ್ಕವನ್ನು ಎಂಟು ತಿಂಗಳು ಹೊತ್ತವನು ನಾನೊಬ್ಬನೇ ಎಂದುಕೊಂಡಿದ್ದೆ. ಮೊದಲ ದಿನವೇ ಅವಳು ಎಣಿಸಿ ಮುಗಿಸಿದ್ದಳು.

"ಥಂಡಿಗೆ ಸ್ವಲ್ಪ ಸೆಳೆಯುತ್ತದೆ" ಎಂದೆ. "ಸ್ವಲ್ಪವೇ."

"ಹೂಂ, ಅದನ್ನು ಹೇಳಬೇಕು" ಎಂದು ಅಮ್ಮ ವೀಳ್ಯದ ತಟ್ಟೆಯನ್ನು ಬದಿಗೆ ಸರಿಸಿ, ತೆಂಗಿನೆಣ್ಣೆ ಬೆಚ್ಚಗೆ ಮಾಡಿ ತರಲು ಸೊಸೆಯನ್ನು ಕೂಗಿದಳು.